ಗುಂಟೆ ಲೆಕ್ಕದಲ್ಲಿ ಕಾಡು: ಮರಗಳ ದಟ್ಟಣೆ, ಬೆಳವಣಿಗೆ ಅಳೆಯೋದು ಹೇಗೆ?

ಒಂದು ಎಕರೆ ತೊಗರಿಯಲ್ಲಿ ಎಷ್ಟು ಗಿಡ ಇರ್ತಾವೆ ಅಂತ ಕೇಳಿದರೆ ಸೇಡಂನಿಂದ ಚಿಂಚೋಳಿವರೆಗೆ ಯಾವ ರೈತನಾದರೂ ಲೆಕ್ಕ ಹಾಕಿ ಹೇಳುತ್ತಾನೆ. ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ ಬಿಟ್ಟರೆ ಎಕರೆಗೆ ಹದಿನಾಲ್ಕೂವರೆ ಸಾವಿರ ಗಿಡ. ಎಷ್ಟು ಹುಟ್ಟಲಿಲ್ಲ, ಎಷ್ಟು ಸಿಡಿ ರೋಗಕ್ಕೆ ಒಣಗಿದವು ಅನ್ನೋದೂ ಬಾಯಲ್ಲೇ ಇರುತ್ತದೆ. ಅದೇ ರೈತನಿಗೆ ನಿಮ್ಮ ಬದುವಿನ ಮೇಲೆ ಎಷ್ಟು ಮರ ಇವೆ, ಹೋದ ವರ್ಷಕ್ಕಿಂತ ಎಷ್ಟು ದಪ್ಪ ಆಗಿವೆ ಅಂತ ಕೇಳಿ ನೋಡಿ. "ಇರಬಹುದು ಒಂದಿಪ್ಪತ್ತು, ಆಗ್ಯಾವ ಬಿಡ್ರಿ ದಪ್ಪ" ಅನ್ನೋ ಉತ್ತರ ಬರುತ್ತದೆ.

ಬೆಳೆಗೆ ಇರುವ ಲೆಕ್ಕ ಮರಕ್ಕೆ ಯಾಕಿಲ್ಲ? ಮರ ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ, ಎಲ್ಲಿಗೂ ಹೋಗುವುದಿಲ್ಲ ಎಂಬ ನಂಬಿಕೆ ನಮ್ಮದು. ಹೋಗುತ್ತದೆ. ಆದರೆ ತೊಗರಿಯ ಹಾಗೆ ಒಂದೇ ಹಂಗಾಮಿನಲ್ಲಿ ಒಣಗಿ ಕಣ್ಣಿಗೆ ಬೀಳುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದೊಂದಾಗಿ ಕಡಿಮೆಯಾಗುತ್ತದೆ. ಈ ವಾರ ಮರ ಎಣಿಸುವ, ಅಳೆಯುವ ವಿಧಾನ ತಿಳಿದುಕೊಳ್ಳೋಣ. ಬೇಕಾಗಿರುವುದು ಒಂದು ಹಗ್ಗ, ಒಂದು ಅಳತೆ ಟೇಪು, ಒಂದು ಕೋಲು ಮತ್ತು ನಿಮ್ಮ ಕೈಯಲ್ಲಿರೋ ಮೊಬೈಲು. ಎಲ್ಲ ಲೆಕ್ಕವನ್ನೂ ಎಕರೆ, ಗುಂಟೆಯಲ್ಲೇ ಮಾಡೋಣ.

ಉಪಗ್ರಹಕ್ಕೆ ಕಾಣದ್ದು

ನಮ್ಮ ಕಡೆ ಕಾಡು ಅಂದರೆ ಮೊದಲು ನೆನಪಾಗುವುದು ಚಿಂಚೋಳಿ. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತದ ಸುತ್ತಲಿನ ಈ ಕಾಡನ್ನು 2011ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ 33 ಸಾವಿರ ಎಕರೆಗೂ ಹೆಚ್ಚು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ, ಮಳೆ ಬಿದ್ದ ಮೇಲೆ ಮತ್ತೆ ಚಿಗುರುವ ಕಾಡು ಇದು. ಅಂಚಿನಲ್ಲಿ ತೇಗ, ಅಕೇಸಿಯಾ ನೆಡುತೋಪುಗಳಿವೆ. ಒಳಗೆ ಶ್ರೀಗಂಧ, ರಕ್ತಚಂದನವೂ ಇವೆ. ಈ ಎರಡೂ ಜಗತ್ತಿನ ಕೆಂಪು ಪಟ್ಟಿಯಲ್ಲಿರುವ ಮರಗಳು: ರಕ್ತಚಂದನ ಅಳಿವಿನಂಚಿನಲ್ಲಿದೆ, ಶ್ರೀಗಂಧ ಅಪಾಯಕ್ಕೆ ಈಡಾಗಬಹುದಾದ ಗುಂಪಿನಲ್ಲಿದೆ.

ಸರ್ಕಾರ ಕಾಡು ಅಳೆಯುವುದಿಲ್ಲವೇ ಅಂದರೆ, ಅಳೆಯುತ್ತದೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ವರದಿ ಕೊಡುತ್ತಾ ಬಂದಿದೆ. ಉಪಗ್ರಹದ ಚಿತ್ರ ನೋಡಿ, ನೆಲದ ಎಷ್ಟು ಭಾಗಕ್ಕೆ ಮರದ ನೆತ್ತಿಯ ನೆರಳಿದೆ ಅಂತ ಲೆಕ್ಕ ಹಾಕುತ್ತಾರೆ. ಶೇ. 70ಕ್ಕೆ ಮೇಲಿದ್ದರೆ ಅತಿ ದಟ್ಟ ಕಾಡು, 40ರಿಂದ 70 ಇದ್ದರೆ ಮಧ್ಯಮ ದಟ್ಟ, 10ರಿಂದ 40 ಇದ್ದರೆ ತೆರೆದ ಕಾಡು, ಅದಕ್ಕೂ ಕಡಿಮೆಯಾದರೆ ಕುರುಚಲು. ಇಡೀ ದೇಶದ ಚಿತ್ರ ಸಿಗಬೇಕಾದರೆ ಇದು ಬೇಕು. ಆದರೆ ಈ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇ. 10ರಷ್ಟು ನೆತ್ತಿ ಇದ್ದರೆ ಸಾಕು, ಯಾವ ಜಾತಿಯ ಮರವಾದರೂ ಅದು ಕಾಡಿನ ಹೊದಿಕೆಯೇ. ಹಳ್ಳದ ದಂಡೆಯ ಬಳ್ಳಾರಿ ಜಾಲಿಯೂ ಉಪಗ್ರಹಕ್ಕೆ ಹಸಿರೇ. ಅದಕ್ಕಿಂತ ದೊಡ್ಡ ತೊಡಕೆಂದರೆ ಉಪಗ್ರಹ ಮೇಲಿನಿಂದ ನೋಡುತ್ತದೆ. ನೆತ್ತಿಯ ಕೆಳಗೆ ಸಸಿ ಇವೆಯೋ, ಬರೀ ನೆಲ ಇದೆಯೋ, ಅದಕ್ಕೆ ಗೊತ್ತಾಗುವುದಿಲ್ಲ.

ಕಾಡಿನ ಮುಂದಿನ ಗತಿ ನಿಂತಿರುವುದು ಆ ಕೆಳಗಿನ ಸಸಿಗಳ ಮೇಲೆ. ದುಡಿಯುವವರೆಲ್ಲ ಪುಣೆ, ಮುಂಬೈ, ಹೈದರಾಬಾದಿಗೆ ಹೋದ ಮೇಲೆ ತಾಂಡಾದಲ್ಲಿ ಮನೆ ಎಣಿಸಿದರೆ ಮನೆಗಳು ಅಷ್ಟೇ ಇರುತ್ತವೆ. ಒಳಗೆ ಮುದುಕರು ಮಾತ್ರ. ದೊಡ್ಡ ಮರ ಮಾತ್ರ ಎಣಿಸಿ ಕಾಡು ಚೆನ್ನಾಗಿದೆ ಅನ್ನೋದು ಇದೇ ಥರ.

ಇದನ್ನು ಅಧಿಕಾರಿಗಳು ಅರ್ಥ ಮಾಡಿಕೊಂಡೇ ನೂರೈವತ್ತು ವರ್ಷ ದಾಟಿದೆ. 1856ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಎಂಬ ಜರ್ಮನ್ ಸಸ್ಯವಿಜ್ಞಾನಿಯನ್ನು ಬರ್ಮಾದ ಪೆಗು ಪ್ರಾಂತ್ಯದ ತೇಗದ ಕಾಡು ನೋಡಿಕೊಳ್ಳಲು ನೇಮಿಸಿದರು. ಮುಂದೆ 1864ರಲ್ಲಿ ಇವನೇ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ಆನೆಯ ಮೇಲೆ ಕೂತು ಕಾಡಿನಲ್ಲಿ ನೇರ ಗೆರೆ ಹಿಡಿದು ಸಾಗುವಾಗ ಎಡಗೈಯಲ್ಲಿ ಬಿದಿರಿನ ತುಂಡುಗಳು, ಬಲಗೈಯಲ್ಲಿ ಚಾಕು. ತೇಗದ ಮರ ಕಂಡಾಗೆಲ್ಲ ಅದರ ದಪ್ಪಕ್ಕೆ ತಕ್ಕ ಬಿದಿರಿನ ಮೇಲೆ ಒಂದು ಗೀಟು. ಸುತ್ತಳತೆಯ ಪ್ರಕಾರ ನಾಲ್ಕು ವರ್ಗ ಮಾಡಿಕೊಂಡಿದ್ದ. ಆರು ಅಡಿಗೂ ದಪ್ಪ ಮರ ಮೊದಲ ವರ್ಗ, ಒಂದೂವರೆ ಅಡಿಗೂ ಸಣ್ಣವು ಕೊನೆಯ ವರ್ಗ. ಎರಡನೇ ವರ್ಗದಿಂದ ಮೊದಲ ವರ್ಗಕ್ಕೆ ವರ್ಷಕ್ಕೆ ಎಷ್ಟು ಮರ ಬಡ್ತಿ ಹೊಂದುತ್ತವೋ ಅದಕ್ಕಿಂತ ಹೆಚ್ಚು ಕಡಿಯಬಾರದು ಅನ್ನೋದು ಅವನ ನಿಯಮ. ಬ್ರಿಟಿಷರಿಗೆ ಬೇಕಾಗಿದ್ದದ್ದು ಹಡಗಿನ ಮರ, ಕಾಡಿನ ಜನರ ಹಕ್ಕು ಅವರಿಗೆ ದೊಡ್ಡ ವಿಷಯ ಆಗಿರಲಿಲ್ಲ. ಆ ಮಾತು ಬೇರೆ. ಎಣಿಸುವ ರೀತಿ ಮಾತ್ರ ಇವತ್ತಿಗೂ ಸರಿ.

ಹಗ್ಗದ ವೃತ್ತ

33 ಸಾವಿರ ಎಕರೆಯ ಪ್ರತಿ ಮರ ಎಣಿಸಲು ಯಾರಿಂದಲೂ ಆಗದು. ರಾಶಿಯಲ್ಲಿ ಒಂದು ಹಿಡಿ ಕಾಳು ತೆಗೆದು ನೋಡಿ ದರ ಕಟ್ಟುವ ಹಾಗೆ, ಇಲ್ಲೂ ಮಾದರಿ ತೆಗೆದು ನೋಡುತ್ತೇವೆ.

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿ. ಮರಗಳ ನಡುವೆ ಚೌಕ ಹಾಕಿ ಮೂಲೆ ಹೊಂದಿಸುವುದು ತಲೆನೋವಿನ ಕೆಲಸ. ವೃತ್ತ ಸುಲಭ. ಒಂದು ಗೂಟ ಹುಗಿದು 18 ಅಡಿ 7 ಇಂಚು ಹಗ್ಗ ಕಟ್ಟಿ, ಒಂದು ಸುತ್ತು ಬನ್ನಿ. ಒಳಗೆ ಬಂದ ಜಾಗ ಸರಿಯಾಗಿ ಒಂದು ಗುಂಟೆ. ಅದೇ ಹಗ್ಗವನ್ನು 59 ಅಡಿಗೆ ಒಂದಿಂಚು ಕಡಿಮೆ ಮಾಡಿಕೊಂಡರೆ ಒಳಗೆ ಬರುವ ಜಾಗ 10 ಗುಂಟೆ, ಅಂದರೆ ಕಾಲು ಎಕರೆ. ಅರಣ್ಯ ಸಮೀಕ್ಷೆಯವರು ಹಾಕುವ 0.1 ಹೆಕ್ಟೇರಿನ ಪ್ಲಾಟೂ ಹೆಚ್ಚುಕಡಿಮೆ ಇಷ್ಟೇ. ಹಗ್ಗಕ್ಕೆ ಈ ಎರಡು ಜಾಗದಲ್ಲಿ ಗಂಟು ಹಾಕಿ ಬಣ್ಣ ಹಚ್ಚಿಟ್ಟುಕೊಳ್ಳಿ. ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ, ಅದಕ್ಕೆ ಬಿಗಿಯಾಗಿ ಎಳೆದು ಹಿಡಿದೇ ಗಂಟಿನ ಜಾಗ ಗುರುತಿಸಿ. ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ತಾಗಿಸದೆ ಮಟ್ಟಸವಾಗಿ ಹಿಡಿಯಿರಿ.

ದೊಡ್ಡ ವೃತ್ತದಲ್ಲಿ 30 ಸೆಂಟಿಮೀಟರ್ ಸುತ್ತಳತೆಗಿಂತ ದಪ್ಪ ಇರುವ ಎಲ್ಲ ಮರಗಳನ್ನು ಎಣಿಸಿ ಅಳೆಯಬೇಕು. ಒಳಗಿನ ಒಂದು ಗುಂಟೆಯಲ್ಲಿ ಎರಡು ಥರದವನ್ನು ಬೇರೆ ಬೇರೆ ಎಣಿಸಬೇಕು: ಎದೆಮಟ್ಟ ದಾಟಿದರೂ ಇನ್ನೂ 30 ಸೆಂ.ಮೀ. ದಪ್ಪವಾಗದ ಮರಿಮರಗಳು, ಮತ್ತು ಎದೆಮಟ್ಟಕ್ಕಿಂತ ಕೆಳಗಿನ ಸಸಿಗಳು. ಮರ ಸರಿಯಾಗಿ ಗೆರೆಯ ಮೇಲಿದ್ದರೆ ಜಗಳ ಬೇಡ. ಬುಡದ ನಡುಭಾಗ ಒಳಗಿದ್ದರೆ ಒಳಗೆ, ಹೊರಗಿದ್ದರೆ ಹೊರಗೆ.

ಹೆಚ್ಚಿನವರು ತಪ್ಪುವುದು ಗೂಟ ಹುಗಿಯುವ ಜಾಗದ ಆಯ್ಕೆಯಲ್ಲಿ. ನೆರಳು ಚೆನ್ನಾಗಿದೆ, ನಡೆಯಲು ಅನುಕೂಲ ಅಂತ ಮರ ಹೆಚ್ಚಿರುವ ಕಡೆಗೇ ಕಾಲು ಎಳೆಯುತ್ತದೆ. ಹಾಗಾದರೆ ಬರುವ ಲೆಕ್ಕ ಕಾಡಿನದ್ದಲ್ಲ, ನಿಮ್ಮ ಇಷ್ಟದ್ದು. ಒಂದು ದಿಕ್ಕು ಹಿಡಿದು ನೇರ ನಡೆಯಿರಿ, ಪ್ರತಿ ಇನ್ನೂರು ಹೆಜ್ಜೆಗೆ ನಿಂತು ನಿಂತಲ್ಲೇ ಗೂಟ ಹುಗಿಯಿರಿ. ಅದು ಕಲ್ಲುಬಂಡೆ ಆಗಿರಲಿ, ಒಂದು ಮರವೂ ಇಲ್ಲದ ಬಯಲೇ ಆಗಿರಲಿ. ಮರ ಇಲ್ಲದ ವೃತ್ತಕ್ಕೆ ಸೊನ್ನೆ ಅಂತ ಬರೆಯಬೇಕು. ಸೊನ್ನೆ ಬಿಟ್ಟರೆ ಸರಾಸರಿ ಸುಳ್ಳಾಗುತ್ತದೆ. ಊರ ಗಾಯರಾಣದಂಥ ಸಣ್ಣ ಜಾಗಕ್ಕೆ ಹತ್ತು ವೃತ್ತ ಆದರೂ ಬೇಕು. ಒಂದೊಂದು ವೃತ್ತ ಮುಗಿದ ಹಾಗೂ ಸರಾಸರಿ ಹಾಕುತ್ತಾ ಹೋಗಿ. ಸರಾಸರಿ ಮೇಲೆ ಕೆಳಗೆ ಕುಣಿಯೋದು ನಿಂತಾಗ ಮಾದರಿ ಸಾಕಾಯಿತು ಅಂತ ತಿಳಿಯಿರಿ.

ಎದೆಮಟ್ಟದ ಸುತ್ತಳತೆ

ಮರದ ದಪ್ಪವನ್ನು ಎಲ್ಲಿ ಬೇಕಾದಲ್ಲಿ ಅಳೆದರೆ ಪ್ರಯೋಜನವಿಲ್ಲ. ನೆಲದಿಂದ 4 ಅಡಿ 6 ಇಂಚು, ಅಂದರೆ 1.37 ಮೀಟರ್ ಎತ್ತರದಲ್ಲೇ ಅಳೆಯಬೇಕು ಅನ್ನೋದು ನಮ್ಮ ದೇಶದ ಅರಣ್ಯ ಲೆಕ್ಕದ ನಿಯಮ. ಎದೆಮಟ್ಟ ಅಂತ ಹೆಸರಿದ್ದರೂ ನಿಮ್ಮ ಎದೆ ಬೇರೆ, ನಿಮ್ಮ ತಮ್ಮನ ಎದೆ ಬೇರೆ. ಅದಕ್ಕೇ ಕೋಲು. 4 ಅಡಿ 6 ಇಂಚಿಗೆ ಕತ್ತರಿಸಿದ ಕೋಲನ್ನು ಬುಡಕ್ಕೆ ನಿಲ್ಲಿಸಿ, ಅದರ ತುದಿಯ ಮಟ್ಟದಲ್ಲಿ ಟೇಪು ಸುತ್ತಿ. ಇಳಿಜಾರಿನಲ್ಲಿ ಮೇಲಿನ ಬದಿಗೆ ಕೋಲು ನಿಲ್ಲಿಸಬೇಕು. ದರ್ಜಿಯವರ ಬಟ್ಟೆ ಟೇಪು ಒಂದು ವರ್ಷದಲ್ಲಿ ಹಿಗ್ಗುತ್ತದೆ, ಫೈಬರ್ ಟೇಪು ತಗೊಳ್ಳಿ.

ಈ ನಿಯಮಗಳು ಹುಟ್ಟಿದ್ದು ಯುರೋಪಿನ ಪೈನ್‌ನಂಥ ಕಾಡುಗಳಲ್ಲಿ. ಅಲ್ಲಿನ ಮರ ಕಂಬದ ಹಾಗೆ ನೆಟ್ಟಗೆ. ನಮ್ಮ ದಿಂಡಿಗ, ತುಮರಿ, ಮುತ್ತುಗ ಹಾಗಲ್ಲ. ಎಂದೋ ಕಡಿದ ಬೊಡ್ಡೆಯಿಂದ ಮೂರು ನಾಲ್ಕು ಕಾಂಡ ಎದ್ದಿರುತ್ತವೆ. ಕಾಂಡ 4 ಅಡಿ 6 ಇಂಚಿಗಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆ ಅಳೆದು ಬರೆಯಿರಿ, ಆದರೆ ಮರದ ಸಂಖ್ಯೆ ಒಂದೇ ಅಂತ ಗುರುತು ಹಾಕಿ. ಅದಕ್ಕಿಂತ ಮೇಲೆ ಕವಲೊಡೆದಿದ್ದರೆ ಒಂದೇ ಕಾಂಡ. ಅಳೆಯುವ ಜಾಗದಲ್ಲೇ ಗಂಟು, ಉಬ್ಬು ಇದ್ದರೆ ಅದರ ಸ್ವಲ್ಪ ಮೇಲೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರಿ ಅನ್ನೋದನ್ನೂ ಬರೆದಿಡಿ. ಮುಂದಿನ ವರ್ಷ ಅದೇ ಜಾಗಕ್ಕೆ ಟೇಪು ಬರಬೇಕಲ್ಲ?

ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಇನ್ನೊಂದು ಲೆಕ್ಕ ಇದಕ್ಕಿಂತ ಉಪಯುಕ್ತ: ಸುತ್ತಳತೆಯನ್ನು ಅದರಿಂದಲೇ ಗುಣಿಸಿ 12.57ರಿಂದ ಭಾಗಿಸಿ. ಆ ಎತ್ತರದಲ್ಲಿ ಕಾಂಡವನ್ನು ಅಡ್ಡ ಕೊಯ್ದರೆ ಕಾಣುವ ವಿಸ್ತೀರ್ಣ ಅದು. 30 ಸೆಂ.ಮೀ. ಮರಕ್ಕೆ ಸುಮಾರು 72 ಚದರ ಸೆಂ.ಮೀ., 90 ಸೆಂ.ಮೀ. ಮರಕ್ಕೆ ಸುಮಾರು 645. ಅಂದರೆ ಮೂರು ಪಟ್ಟು ಸುತ್ತಳತೆಯ ಒಂದು ಮರ ಒಂಬತ್ತು ಸಣ್ಣ ಮರಕ್ಕೆ ಸಮ. ಬರೀ ಸಂಖ್ಯೆ ನೋಡಿದರೆ ಇದು ತಿಳಿಯುವುದಿಲ್ಲ. ಒಂದು ದೊಡ್ಡ ಹುಣಸೆ ಕಡಿದು ಐದು ಸಸಿ ನೆಟ್ಟು "ಮರ ಹೆಚ್ಚಾಯ್ತು" ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ ಮೂರು ವೃತ್ತ ಹಾಕಿದಿರಿ ಅಂದುಕೊಳ್ಳಿ. ದೊಡ್ಡ ವೃತ್ತಗಳಲ್ಲಿ 22, 9, 14 ಮರ ಸಿಕ್ಕವು. ಒಟ್ಟು 45, ಸರಾಸರಿ 15. ಒಂದು ವೃತ್ತ ಕಾಲು ಎಕರೆ, ಆದ್ದರಿಂದ ನಾಲ್ಕರಿಂದ ಗುಣಿಸಿದರೆ ಎಕರೆಗೆ 60 ಮರ.

ಇದು ಕಡಿಮೆಯೋ ಹೆಚ್ಚೋ? ಅವಸರದಲ್ಲಿ ತೀರ್ಮಾನ ಬೇಡ. ಒಣ ಕಾಡು ಹುಟ್ಟಿನಿಂದಲೇ ತೆಳ್ಳಗೆ. ಬಂಡೀಪುರಕ್ಕೆ ಅಂಟಿಕೊಂಡ ತಮಿಳುನಾಡಿನ ಮುದುಮಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಜಾಗ ಗುರುತಿಸಿ, 1 ಸೆಂ.ಮೀ. ವ್ಯಾಸದ ಮರಿಯಿಂದ ಹಿಡಿದು ಪ್ರತಿ ಗಿಡಕ್ಕೂ ನಂಬರು ಕೊಟ್ಟು ಅಂದಿನಿಂದ ಅಳೆಯುತ್ತಾ ಬಂದಿದ್ದಾರೆ. ಮೊದಲ ಎಣಿಕೆಯಲ್ಲಿ ಸಿಕ್ಕಿದ್ದು ಸುಮಾರು 25 ಸಾವಿರ, ಅಂದರೆ ಎಕರೆಗೆ ಇನ್ನೂರರ ಆಸುಪಾಸು. ಪನಾಮಾ ದೇಶದ ಮಳೆಕಾಡಿನಲ್ಲಿ ಅಷ್ಟೇ ದೊಡ್ಡ ಜಾಗದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಿಡಗಳಿವೆ. ಶಿರಸಿಯ ಕಾಡಿನ ಫೋಟೋ ನೋಡಿ ಚಿಂಚೋಳಿಯನ್ನು ಬೈಯಬಾರದು. ಮುದುಮಲೈಯ ಇನ್ನೂರಕ್ಕೆ ನಮ್ಮ ಅರವತ್ತನ್ನು ನೇರ ಹೋಲಿಸುವುದೂ ತಪ್ಪು. ಅವರ ಲೆಕ್ಕದಲ್ಲಿ ಬೆರಳುದಪ್ಪದ ಮರಿಯೂ ಸೇರಿದೆ, ನಮ್ಮದರಲ್ಲಿ 30 ಸೆಂ.ಮೀ. ಸುತ್ತಳತೆ ದಾಟಿದವು ಮಾತ್ರ.

ಈಗ ಅದೇ 45 ಮರಗಳನ್ನು ಬ್ರಾಂಡಿಸ್ ಮಾಡಿದ ಹಾಗೆ ದಪ್ಪದ ಪ್ರಕಾರ ವಿಂಗಡಿಸಿ. 90 ಸೆಂ.ಮೀ.ಗೂ ದಪ್ಪ 30, 60ರಿಂದ 90ರವರೆಗೆ 11, 30ರಿಂದ 60ರವರೆಗೆ 4. ಎಕರೆಗೆ ಪರಿವರ್ತಿಸಿದರೆ ಕ್ರಮವಾಗಿ 40, 15, 5. ಒಳಗಿನ ಒಂದು ಗುಂಟೆಯ ವೃತ್ತಗಳಲ್ಲಿ ಮರಿಮರ ಮೂರೂ ಸೇರಿ ಒಂದೇ ಒಂದು, ಅಂದರೆ ಎಕರೆಗೆ 13. ಸಸಿಗಳು 9, 14, 7, ಒಟ್ಟು 30. ಅಂದರೆ ಎಕರೆಗೆ 400 ಸಸಿ.

ಸಸಿ 400, ಮರಿಮರ 13, ಸಣ್ಣ ಮರ 5. ಕತೆ ಇಲ್ಲಿದೆ. ಬೀಜ ಬೀಳುತ್ತಿದೆ, ಮೊಳೆಯುತ್ತಿದೆ. ಆದರೆ ಎದೆಮಟ್ಟ ದಾಟುವ ಮುಂಚೆಯೇ ಏನೋ ಅದನ್ನು ತಿನ್ನುತ್ತಿದೆ ಅಥವಾ ಸುಡುತ್ತಿದೆ. ಆಡು, ದನ, ಕುಡುಗೋಲು, ಬೇಸಿಗೆಯ ಬೆಂಕಿ, ಈ ನಾಲ್ಕರಲ್ಲಿ ಒಂದು. ಇಂಥ ಕಡೆ ಹೊಸ ಸಸಿ ತಂದು ನೆಡುವುದು ದುಡ್ಡು ದಂಡ ಅನ್ನೋದು ನನ್ನ ಅಭಿಪ್ರಾಯ. ಇರುವ ನಾನೂರನ್ನೇ ಕಾಯದವರು ತಂದು ನೆಟ್ಟ ನೂರನ್ನು ಹೇಗೆ ಕಾಯುತ್ತಾರೆ? ಐದಾರು ವರ್ಷ ಒಂದು ಭಾಗಕ್ಕೆ ಮೇಯಿಸುವುದು ನಿಲ್ಲಿಸಿ, ಬೇಸಿಗೆಗೆ ಮುಂಚೆ ಸುತ್ತ ಹುಲ್ಲು ಕೆತ್ತಿ ಬೆಂಕಿಗೆರೆ ಮಾಡಿದರೆ ಖರ್ಚು ಬಹಳ ಕಡಿಮೆ. ಬದಲಿಗೆ ಸಸಿಯ ಸಂಖ್ಯೆಯೇ ಸೊನ್ನೆ ಬಂದಿದ್ದರೆ ಮಾತು ಬೇರೆ. ಆಗ ಬೀಜ ಕೊಡುವ ತಾಯಿಮರವೇ ಇಲ್ಲ, ಇಲ್ಲವೇ ಮಣ್ಣು ಕೊಚ್ಚಿ ಹೋಗಿದೆ. ಅಲ್ಲಿ ನೆಡಬೇಕು. ಎಣಿಸದೆ ಈ ಎರಡು ಪರಿಸ್ಥಿತಿಯ ವ್ಯತ್ಯಾಸ ಕಣ್ಣಿಗೆ ಕಾಣಿಸುವುದಿಲ್ಲ, ದೂರದಿಂದ ಎರಡೂ ಹಸಿರೇ.

ಸಸಿಯ ಎತ್ತರ ನೋಡಿ ವಯಸ್ಸು ಹೇಳಲು ಹೋಗಬೇಡಿ. ನಮ್ಮ ಒಣ ಕಾಡಿನ ತುಮರಿ, ತೇಗದ ಸಸಿಗಳು ಬೇಸಿಗೆಯಲ್ಲಿ ಮೇಲಿನ ಕಾಂಡ ಸುಟ್ಟು ಅಥವಾ ಒಣಗಿ ಹೋದರೂ ಬೇರಿನಿಂದ ಮತ್ತೆ ಚಿಗುರುತ್ತವೆ. ಮೊಳಕಾಲೆತ್ತರದ ಗಿಡದ ಬೇರಿಗೆ ಹತ್ತು ವರ್ಷ ಆಗಿರಬಹುದು. ಅದಕ್ಕೆ ಬೇಕಾಗಿರುವುದು ಎರಡು ಮೂರು ವರ್ಷದ ಬಿಡುವು ಮಾತ್ರ. ಬೇರು ಆಗಲೇ ಗಟ್ಟಿ ಇರುವುದರಿಂದ ಎದ್ದರೆ ಬೇಗ ಏಳುತ್ತದೆ.

ಎಳ್ಳಮವಾಸ್ಯೆಗೆ ಒಮ್ಮೆ

ದಟ್ಟಣೆ ಒಂದು ದಿನದಲ್ಲಿ ಸಿಗುತ್ತದೆ. ಬೆಳವಣಿಗೆ ತಿಳಿಯಬೇಕಾದರೆ ಅದೇ ಮರವನ್ನು ಅದೇ ಜಾಗದಲ್ಲಿ ಮತ್ತೆ ಮತ್ತೆ ಅಳೆಯಬೇಕು. ಯಾವಾಗ? ವರ್ಷದ ಅದೇ ಹೊತ್ತಿಗೆ. ಮರದ ಕಾಂಡ ಬೇಸಿಗೆಯಲ್ಲಿ ನೀರು ಕಳೆದುಕೊಂಡು ಕುಗ್ಗುತ್ತದೆ, ಮಳೆ ಬಿದ್ದ ಮೇಲೆ ಉಬ್ಬುತ್ತದೆ. ಈ ವರ್ಷ ಸೆಪ್ಟೆಂಬರಿನಲ್ಲಿ ಅಳೆದು ಬರುವ ವರ್ಷ ಏಪ್ರಿಲಿನಲ್ಲಿ ಅಳೆದರೆ ಮರ ಸಣ್ಣಗಾದ ಹಾಗೆ ಕಾಣಬಹುದು!

ನನ್ನ ಸಲಹೆ ಎಳ್ಳಮವಾಸ್ಯೆ. ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಹೇಗೂ ಇದೆ. ಊಟ ಆದ ಮೇಲೆ ಬದುವಿನ ಮರಗಳಿಗೆ ಟೇಪು ಸುತ್ತಲು ಒಂದು ತಾಸು ಸಾಕು, ಟೇಪು ಹಿಡಿಯಲು ಮಕ್ಕಳೂ ಇರುತ್ತಾರೆ. ಒಂದೇ ಎಚ್ಚರ, ಎಳ್ಳಮವಾಸ್ಯೆ ಪ್ರತಿ ವರ್ಷ ಅದೇ ತಾರೀಖಿಗೆ ಬರುವುದಿಲ್ಲ. ಎರಡು ಎಳ್ಳಮವಾಸ್ಯೆಗಳ ನಡುವೆ ಸುಮಾರು 354 ದಿನ, ನಡುವೆ ಅಧಿಕ ಮಾಸ ಬಂದರೆ 384. ಹಾಗಾಗಿ ತಾರೀಖು ಬರೆದಿಡಿ. ತೇಗದ ಮರ 48 ಸೆಂ.ಮೀ.ನಿಂದ 50.6ಕ್ಕೆ ಬಂತು, ನಡುವೆ 384 ದಿನ ಅಂದರೆ, 2.6ನ್ನು 384ರಿಂದ ಭಾಗಿಸಿ 365ರಿಂದ ಗುಣಿಸಿ. ವರ್ಷಕ್ಕೆ ಸುಮಾರು 2.5 ಸೆಂ.ಮೀ.

ಒಂದೇ ವರ್ಷದ ಅಂಕಿ ಹಿಡಿದು ಕುಣಿಯಬಾರದು. ಟೇಪು ಸ್ವಲ್ಪ ಓರೆಯಾದರೂ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಮರ ಬೆಳೆದಿದ್ದೇ ಒಂದು ಸೆಂಟಿಮೀಟರ್ ಆದರೆ ಅರ್ಧ ಲೆಕ್ಕ ತಪ್ಪಿದ ಹಾಗೆ. ಮೂರರಿಂದ ಐದು ವರ್ಷದ ಅಳತೆ ಕೂಡಿದ ಮೇಲೆ ನಂಬಬಹುದು. ನಿಮ್ಮ ಸ್ವಂತ ಮರಗಳಿಗೆ ಅಳತೆಯ ಜಾಗದಲ್ಲಿ ತೆಳ್ಳಗೆ ಬಣ್ಣದ ಗೆರೆ ಎಳೆದರೆ ತಪ್ಪು ಬಹಳ ಕಡಿಮೆಯಾಗುತ್ತದೆ. ತಂತಿ ಕಟ್ಟಬೇಡಿ, ಮರ ದಪ್ಪ ಆದ ಹಾಗೆ ತಂತಿ ತೊಗಟೆಯೊಳಗೆ ಕೂತು ಮರವನ್ನೇ ಕೊಲ್ಲುತ್ತದೆ.

ಹಿಂದಿನ ಬೆಳವಣಿಗೆ ತಿಳಿಯುವ ಒಂದು ದಾರಿಯೂ ಇದೆ. ತೇಗ ವರ್ಷಕ್ಕೊಂದು ಉಂಗುರ ಬಿಡುತ್ತದೆ. ಅನುಮತಿ ಪಡೆದು ಕಡಿದ ಹಳೆಯ ತೇಗದ ಬೊಡ್ಡೆ ಹೊಲದಲ್ಲಿದ್ದರೆ ಒರೆಸಿ ನೋಡಿ. ಅಗಲ ಉಂಗುರ ಒಳ್ಳೆಯ ಮಳೆಯ ವರ್ಷ, ಕಿರಿದಾದದ್ದು ಸಾಮಾನ್ಯವಾಗಿ ಬರದ ವರ್ಷ. ಹಿರಿಯರು ಹೇಳುವ ಎಪ್ಪತ್ತೆರಡರ ಬರವನ್ನು ಅಷ್ಟು ಹಳೆಯ ಬೊಡ್ಡೆಯಲ್ಲಿ ಹುಡುಕಬಹುದು. ಬೇವು, ಜಾಲಿಯಲ್ಲಿ ಉಂಗುರ ಇಷ್ಟು ಸ್ಪಷ್ಟ ಇರುವುದಿಲ್ಲ.

ಎತ್ತರಕ್ಕೆ ಮರ ಹತ್ತಬೇಕಿಲ್ಲ. ಮೊಬೈಲಿನಲ್ಲಿ ಕೋನ ತೋರಿಸುವ ಆಪ್ ಹಾಕಿಕೊಂಡು, ಮರದ ತುದಿ 45 ಡಿಗ್ರಿಗೆ ಕಾಣುವವರೆಗೆ ಹಿಂದೆ ಸರಿಯಿರಿ. ಅಲ್ಲಿಂದ ಬುಡಕ್ಕೆ ಇರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ. ಸಮತಟ್ಟು ಹೊಲದಲ್ಲಿ ಇದು ಸಾಕು. ಚಿಂಚೋಳಿ ಗುಡ್ಡದ ಇಳಿಜಾರಿನಲ್ಲಿ ಮಾತ್ರ ನಡೆಯುವುದಿಲ್ಲ.

ಬದುವಿನ ಮರಗಳು

ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ಕಡೆಯವರಿಗೆ ಹತ್ತಿರದಲ್ಲಿ ಕಾಡಿಲ್ಲ, ಮರ ಅಂದರೆ ಬದುವಿನವೇ. ಬದುವಿಗೆ ವೃತ್ತ ಹೊಂದುವುದಿಲ್ಲ. ಅಲ್ಲಿ 100 ಮೀಟರ್ ಬದುವಿಗೆ ಎಷ್ಟು ಮರ ಅಂತ ಲೆಕ್ಕ ಇಡಿ. ಈ ಲೆಕ್ಕಕ್ಕೆ ದುಡ್ಡಿನ ಬೆಲೆಯೂ ಇದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹಣ ಸಿಗುವುದು ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ, ಅದೂ ಮೂರು ವರ್ಷ. ಪರಿಶೀಲನೆಗೆ ಬಂದ ದಿನ ಕೈಯಲ್ಲಿ ಪಟ್ಟಿ, ತಾರೀಖಿನ ಸಮೇತ ಫೋಟೋ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಈ ಭಾಗದಲ್ಲಿ ಇನ್ನೊಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ: ಸಿಮೆಂಟು, ಕಲ್ಲಿನ ದೂಳಿನಿಂದ ನಮ್ಮ ಮರ ಬೆಳೆಯುತ್ತಿಲ್ಲವೇ? ಎಲೆಯ ಮೇಲೆ ದೂಳು ಕೂತರೆ ಬೆಳಕು ಕಡಿಮೆಯಾಗುತ್ತದೆ, ಉಸಿರಾಡುವ ರಂಧ್ರ ಮುಚ್ಚುತ್ತದೆ, ಇದು ಖರೆ. ಆದರೆ ನಿಮ್ಮ ಮರಕ್ಕೆ ಎಷ್ಟು ಪೆಟ್ಟು ಅನ್ನೋದಕ್ಕೆ ಅಳತೆ ಬೇಕು. ದೂಳು ಬೀಳುವ ಕಡೆ ಇಪ್ಪತ್ತು ಬೇವು, ದೂಳಿಲ್ಲದ ಕಡೆ ಅದೇ ವಯಸ್ಸಿನ ಇಪ್ಪತ್ತು ಬೇವು ಆರಿಸಿ, ಎರಡನ್ನೂ ನಾಲ್ಕು ವರ್ಷ ಅಳೆಯಿರಿ. ಇದರಲ್ಲೊಂದು ಸಿಕ್ಕು ಇದೆ. ನಮ್ಮ ನೆಲದಡಿ ಇರುವುದು ಸುಣ್ಣದ ಕಲ್ಲು. ಶಹಾಬಾದ್ ಕಡೆ ಎರಡಡಿ ಅಗೆದರೆ ಪರಸಿ ಸಿಗುವ ಹೊಲವೂ ಇದೆ, ಆಳ ಎರೆಮಣ್ಣಿನ ಹೊಲವೂ ಇದೆ. ಪರಸಿ ಮೇಲಿನ ಮರ ದೂಳಿಲ್ಲದಿದ್ದರೂ ಕುಳ್ಳಗೆ ಉಳಿಯುತ್ತದೆ. ಆದ್ದರಿಂದ ಎರಡೂ ಕಡೆ ಮಣ್ಣಿನ ಆಳ ಒಂದೇ ಥರ ಇರುವ ಜಾಗ ಆರಿಸಬೇಕು. ಹಾಗೆ ಆರಿಸಿ ಮಾಡಿದ ನಾಲ್ಕು ವರ್ಷದ ಪಟ್ಟಿ ಗ್ರಾಮಸಭೆಯಲ್ಲಿ ಇಟ್ಟರೆ, ಹತ್ತು ಭಾಷಣಕ್ಕಿಂತ ಹೆಚ್ಚು ತೂಕ ಬರುತ್ತದೆ.

ಗಂಧದ ಮರ ಇದ್ದರೆ ಎಚ್ಚರ

ಶ್ರೀಗಂಧ ಹಾಕಿದವರು ಈಗ ನಮ್ಮ ಕಡೆಯೂ ಇದ್ದಾರೆ. ಗಂಧ ಅರೆ ಪರಾವಲಂಬಿ, ಅಕ್ಕಪಕ್ಕದ ಗಿಡದ ಬೇರಿಗೆ ತನ್ನ ಬೇರು ಅಂಟಿಸಿ ಆಹಾರ ಹೀರುತ್ತದೆ. ಎಳೆಯ ಗಂಧಕ್ಕೆ ಆಸರೆಯಾಗಿ ಹಾಕುವ ಗಿಡಗಳಲ್ಲಿ ನಮ್ಮ ತೊಗರಿಯೂ ಒಂದು. ಹಾಗಾಗಿ ಗಂಧದ ಸುತ್ತಳತೆ ಬರೆಯುವಾಗ ಪಕ್ಕದಲ್ಲಿ ಯಾವ ಗಿಡ, ಎಷ್ಟು ದೂರದಲ್ಲಿದೆ ಅಂತಲೂ ಬರೆಯಿರಿ. ಒಂದು ಸಾಲು ಚೆನ್ನಾಗಿ ಬೆಳೆದು ಇನ್ನೊಂದು ನಿಂತುಹೋದರೆ ಕಾರಣ ಅಲ್ಲೇ ಸಿಗಬಹುದು. 2001ರ ಕಾಯ್ದೆ ತಿದ್ದುಪಡಿಯ ನಂತರ ಖಾಸಗಿ ಜಮೀನಿನ ಗಂಧಕ್ಕೆ ಜಮೀನಿನ ಮಾಲೀಕರೇ ಒಡೆಯರು. ಕಡಿಯಲು, ಸಾಗಿಸಲು ಮಾತ್ರ ಇಲಾಖೆಯ ಅನುಮತಿ ಬೇಕೇ ಬೇಕು.

ಇನ್ನು ಮೊಬೈಲಿನ ವಿಷಯ. ಅಳತೆಗೆ ಎಕ್ಸೆಲ್ ಥರದ ಒಂದು ಶೀಟ್ ಸಾಕು: ಮರದ ನಂಬರು, ಜಾತಿ, ಸುತ್ತಳತೆ, ತಾರೀಖು, ಅಳೆದವರ ಹೆಸರು. ಜಿಪಿಎಸ್ ಜಾಗವನ್ನೂ ಬರೆಯಬಹುದು, ಮರದಡಿ ಅದು ಐದಾರು ಮೀಟರ್ ಆಚೀಚೆ ತೋರಿಸುವುದರಿಂದ ಬರೀ ಅದನ್ನೇ ನಂಬಿ ಮರ ಹುಡುಕಲು ಆಗದು, ನಂಬರಿನ ಬಿಲ್ಲೆಯೂ ಬೇಕು. ಆದರೆ ಗಂಧ, ರಕ್ತಚಂದನದ ಫೋಟೋ ತೆಗೆಯುವ ಮುಂಚೆ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ. ಮೊಬೈಲಿನ ಫೋಟೋದೊಳಗೆ ಜಾಗದ ಗುರುತು ಅಡಗಿ ಕೂತಿರುತ್ತದೆ. "ನಮ್ಮ ಗಂಧ 60 ಸೆಂಟಿಮೀಟರ್ ಆಯ್ತು" ಅಂತ ಸ್ಟೇಟಸ್ ಹಾಕೋದು ಕಳ್ಳನಿಗೆ ದಾರಿ ತೋರಿಸಿದ ಹಾಗೆ. ಗ್ರೂಪಿನಲ್ಲಿ ಯಾರಿದ್ದಾರೆ ಅಂತ ನಿಮಗೂ ಗೊತ್ತಿರುವುದಿಲ್ಲ.

ಚಿಂಚೋಳಿ ವನ್ಯಜೀವಿಧಾಮದೊಳಗೆ ಹಗ್ಗ ಹಿಡಿದು ಹೋಗಿ ವೃತ್ತ ಹಾಕಲು ಬರುವುದಿಲ್ಲ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ಅನುಮತಿ ಪಡೆದು, ಸಿಬ್ಬಂದಿ ಜೊತೆಗೇ ಹೋಗಬೇಕು. ತೋಳ, ಕತ್ತೆಕಿರುಬ ಇರುವ ಕಾಡು ಅದು. ಹೊರಗಿನ ಗಾಯರಾಣ, ಹಳ್ಳದ ದಂಡೆ, ಗುಡಿಯ ಸುತ್ತಲಿನ ಮರಗಳಿಗಾದರೆ ಗ್ರಾಮ ಪಂಚಾಯಿತಿಗೆ ತಿಳಿಸಿ ಶುರು ಮಾಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆ ಇಡುವುದು ಅದರ ಕೆಲಸ. ನಿಮ್ಮ ಪಟ್ಟಿಯ ಒಂದು ಪ್ರತಿ ಅಲ್ಲಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಪ್ರತಿಯಲ್ಲಿ ಗಂಧ, ರಕ್ತಚಂದನ ಎಷ್ಟಿವೆ ಅನ್ನೋದು ಇದ್ದರೆ ಸಾಕು, ಎಲ್ಲಿವೆ ಅನ್ನೋದು ಬೇಡ.